ತೀವ್ರ ರಕ್ತಸ್ರಾವದ ಶಾಕ್: ಡ್ರಿಪ್, ರಕ್ತ, ಆಂಟಿಆಕ್ಸಿಡೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕ್ ಅಪಘಾತ, ಹೆರಿಗೆ, ಒಡೆದ ಹೊಟ್ಟೆಹುಣ್ಣು: ಕಾರಣ ಯಾವುದೇ ಇರಲಿ, ರಕ್ತ ಸುರಿದು ಹೋದಾಗ ರೋಗಿಯ ಕಡೆಯವರೂ ನರ್ಸಿಂಗ್, ವೈದ್ಯಕೀಯ ವಿದ್ಯಾರ್ಥಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲ ಭಾಗವನ್ನು ಯಾರು ಬೇಕಾದರೂ ಓದಬಹುದು. ಕೊನೆಯ ಭಾಗಕ್ಕೆ ಸ್ವಲ್ಪ ರಸಾಯನಶಾಸ್ತ್ರದ ತಾಳ್ಮೆ ಬೇಕು. ಬೇರೆ ಹೇಳದಿದ್ದರೆ ಪ್ರಮಾಣಗಳೆಲ್ಲ ವಯಸ್ಕರವು. ಔಷಧ ಕೊಡುವ ನಿರ್ಧಾರ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರದ್ದು.

## ಮೊದಲ ಗಳಿಗೆಗಳು

ಮೈಯಲ್ಲಿ ರಕ್ತ ಎಷ್ಟಿರುತ್ತೆ? ಎಷ್ಟು ಹೋದರೆ ಜೀವಕ್ಕೆ ಅಪಾಯ?

ವಯಸ್ಕರಲ್ಲಿ ಕೆ.ಜಿ.ಗೆ ಸುಮಾರು 70 ಮಿ.ಲೀ. ಅಂದರೆ 60 ಕೆ.ಜಿ. ತೂಕದವರಲ್ಲಿ 4.2 ಲೀಟರ್. ಮಕ್ಕಳಲ್ಲಿ ಕೆ.ಜಿ.ಗೆ 80 ಮಿ.ಲೀ. ಎಂದು ಲೆಕ್ಕ ಹಿಡಿದರೂ 10 ಕೆ.ಜಿ. ಮಗುವಿನ ಮೈಯಲ್ಲಿ ಇರುವುದೇ 800 ಮಿ.ಲೀ. ಅದಕ್ಕೆ ಒಂದು ಲೋಟ ರಕ್ತ ಹೋದರೆ ಕಾಲುಭಾಗ ಹೋದಂತೆ.

ಶೇ. 15ರವರೆಗಿನ ನಷ್ಟವನ್ನು ದೇಹ ತಾನೇ ಸರಿದೂಗಿಸಿಕೊಳ್ಳುತ್ತದೆ. ರಕ್ತದಾನದಲ್ಲಿ 350 ಮಿ.ಲೀ. ಕೊಟ್ಟವರು ಬಿಸ್ಕತ್ತು ತಿಂದು ಮನೆಗೆ ಹೋಗುವುದು ಇದರಿಂದಲೇ. ಶೇ. 15ರಿಂದ 30ರಲ್ಲಿ ನಾಡಿ 100 ದಾಟುತ್ತದೆ, ಅಂಗೈ ತಣ್ಣಗಾಗುತ್ತದೆ, ರೋಗಿ ಚಡಪಡಿಸುತ್ತಾರೆ. ಶೇ. 30 ದಾಟಿದರೆ ಬಿಪಿ ಬೀಳುತ್ತದೆ, ಮಾತು ತಡವರಿಸುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಶೇ. 40ರ ಮೇಲೆ ಉಳಿದಿರುವುದು ನಿಮಿಷಗಳ ಲೆಕ್ಕ. ಪಠ್ಯಪುಸ್ತಕದ ಈ ಗೆರೆಗಳನ್ನು ಪ್ರತಿ ರೋಗಿಯೂ ಪಾಲಿಸುವುದಿಲ್ಲ.

ಬಿಪಿ 110 ಇದೆ, ಮಾತಾಡ್ತಾ ಇದ್ದಾರೆ. ಆದರೂ ಡಾಕ್ಟರು ಶಾಕ್ ಅಂತಾರಲ್ಲ?

ವೈದ್ಯರ ಭಾಷೆಯಲ್ಲಿ ಶಾಕ್ ಎಂದರೆ ಜೀವಕೋಶಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪದ ಸ್ಥಿತಿ. ಬಿಪಿ ಅದರ ಒಂದು ಸುಳಿವು ಮಾತ್ರ, ಅದೂ ತಡವಾಗಿ ಸಿಗುವ ಸುಳಿವು. ಗಟ್ಟಿಮುಟ್ಟಾದ ಯುವಕರ ರಕ್ತನಾಳಗಳು ಬಿಗಿಯಾಗಿ ಸಂಕುಚಿಸಿ ಮೂರನೇ ಒಂದು ಭಾಗ ರಕ್ತ ಹೋಗುವವರೆಗೂ ಬಿಪಿಯನ್ನು ಎತ್ತಿ ಹಿಡಿಯಬಲ್ಲವು. ಆಮೇಲೆ ಒಮ್ಮೆಗೇ ಕುಸಿಯುತ್ತದೆ.

ಅದಕ್ಕೆ ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡುವ ಶಾಕ್ ಇಂಡೆಕ್ಸ್ ಇದೆ. ಆರೋಗ್ಯವಂತರಲ್ಲಿ ಅದು 0.5ರಿಂದ 0.7. ನಾಡಿ 124, ಬಿಪಿ 110 ಇದ್ದರೆ 1.1 ಬರುತ್ತದೆ, ಇದು ಅಪಾಯದ ಸೂಚನೆ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವ ಹಿರಿಯರಲ್ಲಿ ನಾಡಿ ಏರುವುದೇ ಇಲ್ಲ, ಅವರಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. ಮೊದಲ ಗಂಟೆಯ ಹೀಮೋಗ್ಲೋಬಿನ್ ವರದಿಯೂ ನಂಬಿಕೆಗೆ ಅರ್ಹವಲ್ಲ. ಕೆಂಪುಕಣವೂ ಪ್ಲಾಸ್ಮಾವೂ ಒಟ್ಟಿಗೇ ಹೋಗಿರುವುದರಿಂದ ಉಳಿದ ರಕ್ತದ ಸಾಂದ್ರತೆ ಮೊದಲಿನಷ್ಟೇ ಇರುತ್ತದೆ. ಆಮ್ಲಜನಕ ಸಾಲದಾಗ ಏರುವ ಲ್ಯಾಕ್ಟೇಟ್ 2 ಮಿಲಿಮೋಲ್ ದಾಟಿದೆಯೇ, ರಕ್ತ ಎಷ್ಟು ಆಮ್ಲೀಯವಾಗಿದೆ ಎಂದು ಹೇಳುವ ಬೇಸ್ ಡೆಫಿಸಿಟ್ 6ಕ್ಕಿಂತ ಹೆಚ್ಚಿದೆಯೇ ಎಂಬುದು ಹೆಚ್ಚು ನಿಜ ಹೇಳುತ್ತದೆ.

ಹೊರಗೆ ಒಂದು ಹನಿ ರಕ್ತವೂ ಕಾಣಲ್ಲ. ಎಲ್ಲಿಗೆ ಹೋಗಿರುತ್ತೆ?

ಎದೆಗೂಡು, ಹೊಟ್ಟೆ, ಸೊಂಟದ ಮೂಳೆಗಳ ಒಳಗೆ, ಇಲ್ಲವೇ ತೊಡೆಗೆ. ತೊಡೆಮೂಳೆ ಮುರಿದರೆ ಚರ್ಮ ಹರಿಯದೆಯೂ 1ರಿಂದ 1.5 ಲೀಟರ್ ಅಲ್ಲೇ ಶೇಖರವಾಗಬಹುದು. ಪೆಲ್ವಿಸ್ (ಸೊಂಟದ ಮೂಳೆ) ಮುರಿದಿರುವ ಅನುಮಾನವಿದ್ದರೆ ಬೈಂಡರ್ ಎಂಬ ಅಗಲ ಪಟ್ಟಿ ಕಟ್ಟುತ್ತಾರೆ. ಅದು ಬೀಳಬೇಕಾದದ್ದು ತೊಡೆಯ ಮೇಲ್ಭಾಗದಲ್ಲಿ ಪಕ್ಕಕ್ಕೆ ಕೈಗೆ ಸಿಗುವ ಮೂಳೆಯ ಮಟ್ಟಕ್ಕೆ. ಪ್ಯಾಂಟಿನ ಬೆಲ್ಟ್ ಇರುವ ಜಾಗಕ್ಕೆ ಕಟ್ಟುವುದು ಸಾಮಾನ್ಯ ತಪ್ಪು, ಅದರಿಂದ ಮೂಳೆ ಇನ್ನಷ್ಟು ತೆರೆದುಕೊಳ್ಳಬಹುದು. ಅಪಘಾತವೇ ಆಗದ ಯುವತಿ ಹೊಟ್ಟೆನೋವಿನೊಂದಿಗೆ ತಲೆಸುತ್ತಿ ಬಿದ್ದರೆ ಗರ್ಭಕೋಶದ ಹೊರಗಿನ ಗರ್ಭ ಒಡೆದಿರಬಹುದು ಎಂಬುದು ಮೊದಲು ಹೊಳೆಯಬೇಕು.

ಆಂಬುಲೆನ್ಸ್ ಬರೋವರೆಗೆ ನಾವೇನು ಮಾಡಬೇಕು? ನೀರು ಕುಡಿಸಬಹುದಾ?

108ಕ್ಕೆ ಕರೆ ಮಾಡಿ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ, ಮೈಭಾರ ಬಿಟ್ಟು ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಪ್ರತಿಸಲ ಕಿತ್ತು ಬರುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೇ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ.

ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಡಕ್ಕೆ ನಿಲ್ಲದಿದ್ದರೆ ಟೂರ್ನಿಕೆ ಬೇಕು. ಗಾಯದಿಂದ 5ರಿಂದ 7 ಸೆಂ.ಮೀ. ಮೇಲೆ, ಮಂಡಿ ಮೊಣಕೈಗಳ ಮೇಲೆ ಬೀಳದಂತೆ, ಕನಿಷ್ಠ 4 ಸೆಂ.ಮೀ. ಅಗಲದ ಪಟ್ಟಿ ಕಟ್ಟಿ ಅದರಲ್ಲಿ ಗಟ್ಟಿ ಕೋಲು ತೂರಿಸಿ ರಕ್ತ ನಿಲ್ಲುವವರೆಗೆ ತಿರುಚಿ. ಕಟ್ಟಿದ ಸಮಯ ಬರೆದಿಡಿ. ಎರಡು ಗಂಟೆಯೊಳಗೆ ಆಸ್ಪತ್ರೆಯಲ್ಲಿ ಬಿಚ್ಚುವಂತಾಗಬೇಕು. ಅರೆಬಿಗಿ ಕಟ್ಟು ತೀರಾ ಕೆಟ್ಟದ್ದು. ಅದು ಮರಳುವ ರಕ್ತವನ್ನು ಮಾತ್ರ ತಡೆದು, ಅಪಧಮನಿಯನ್ನು ತೆರೆದೇ ಬಿಟ್ಟು, ಸ್ರಾವವನ್ನು ಹೆಚ್ಚಿಸುತ್ತದೆ. ಶೂ ಲೇಸ್, ವೈರು ಬೇಡವೇ ಬೇಡ.

ಮಲಗಿಸಿ, ಹೊದಿಸಿ. ನೀರು, ಕಾಫಿ, ಎಳನೀರು ಯಾವುದೂ ಬೇಡ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಬಾಯಾರಿಕೆ ಎಂದರೆ ತುಟಿ ಒದ್ದೆ ಮಾಡಿ. ಪೊಲೀಸ್ ಕೇಸಿನ ಭಯವಿದ್ದವರಿಗೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ, ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

## ಡ್ರಿಪ್

ಎರಡು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಸಾಲದೇ?

ನಮ್ಮಲ್ಲಿ ನೇತುಹಾಕಿದ ಬಾಟಲಿಗೆಲ್ಲ ಗ್ಲೂಕೋಸ್ ಎಂದೇ ಹೆಸರು. ನಿಜವಾದ ಶೇ. 5 ಗ್ಲೂಕೋಸ್ ದ್ರಾವಣವನ್ನು ರಕ್ತಸ್ರಾವಕ್ಕೆ ಬಳಸುವುದಿಲ್ಲ. ಸಕ್ಕರೆಯನ್ನು ಜೀವಕೋಶಗಳು ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಅದು ಮೈಯೆಲ್ಲ ಹರಡಿ, ಒಂದು ಲೀಟರಿನಲ್ಲಿ ರಕ್ತನಾಳದೊಳಗೆ ನಿಲ್ಲುವುದು 100 ಮಿ.ಲೀ.ಗಿಂತ ಕಡಿಮೆ. ಎನ್‌ಎಸ್ (ನಾರ್ಮಲ್ ಸಲೈನ್, ಅಂದರೆ ಉಪ್ಪುನೀರು), ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ದ್ರವಗಳಲ್ಲಿ ಸುಮಾರು ಕಾಲುಭಾಗ ನಿಲ್ಲುತ್ತದೆ. ಉಳಿದ ಮುಕ್ಕಾಲು ಭಾಗ ಊತವಾಗಿ ಶ್ವಾಸಕೋಶ, ಕರುಳು, ಚರ್ಮಗಳಲ್ಲಿ ಕೂರುತ್ತದೆ.

ಈ ಯಾವ ದ್ರವವೂ ಆಮ್ಲಜನಕ ಹೊರುವುದಿಲ್ಲ, ಹೆಪ್ಪುಗಟ್ಟಿಸುವುದಿಲ್ಲ. ಹೀಗಾಗಿ ಅಪಘಾತ ಚಿಕಿತ್ಸೆಯ ಎಟಿಎಲ್‌ಎಸ್ ಪಾಠಕ್ರಮ ಮೊದಲಿದ್ದ 2 ಲೀಟರಿನ ಮಿತಿಯನ್ನು ಇಳಿಸಿ, 2018ರ ಆವೃತ್ತಿಯಲ್ಲಿ 1 ಲೀಟರ್ ಬೆಚ್ಚನೆಯ ದ್ರವ ಎಂದಿತು. ಅಷ್ಟಕ್ಕೂ ಸ್ಪಂದಿಸದವರಿಗೆ ಬೇಕಾದದ್ದು ರಕ್ತ.

ಎನ್‌ಎಸ್ ಹಾಕಬೇಕೋ ಆರ್‌ಎಲ್ ಹಾಕಬೇಕೋ?

ಹೆಚ್ಚಿನ ಸಂದರ್ಭಗಳಲ್ಲಿ ಆರ್‌ಎಲ್. ಎನ್‌ಎಸ್‌ನ ಲೀಟರಿನಲ್ಲಿ ಕ್ಲೋರೈಡ್ 154 ಮಿಲಿಮೋಲ್, ರಕ್ತದಲ್ಲಿರುವುದು 100ರ ಆಸುಪಾಸು. ಹಲವು ಲೀಟರ್ ಹೋದರೆ ಮೊದಲೇ ಆಮ್ಲೀಯವಾಗಿದ್ದ ರಕ್ತ ಇನ್ನಷ್ಟು ಆಮ್ಲೀಯವಾಗುತ್ತದೆ, ಕಿಡ್ನಿಗೂ ಹಿತವಲ್ಲ. ಆರ್‌ಎಲ್‌ನಲ್ಲಿ ಸೋಡಿಯಂ 130, ಕ್ಲೋರೈಡ್ 109, ಲ್ಯಾಕ್ಟೇಟ್ 28. ಈ ಲ್ಯಾಕ್ಟೇಟನ್ನು ಕಂಡು ಹೆದರುವವರಿದ್ದಾರೆ. ಅದು ಸೋಡಿಯಂ ಲ್ಯಾಕ್ಟೇಟ್, ಆಮ್ಲವಲ್ಲ. ಯಕೃತ್ತು ಅದನ್ನು ಬೈಕಾರ್ಬೊನೇಟ್ ಆಗಿಸುತ್ತದೆ.

ಎರಡು ಕಡೆ ಎನ್‌ಎಸ್ಸೇ ಸರಿ. ತಲೆಗೆ ಪೆಟ್ಟಾದವರಲ್ಲಿ ಆರ್‌ಎಲ್ ರಕ್ತಕ್ಕಿಂತ ತುಸು ತೆಳು, ಮಿದುಳಿನ ಊತ ಹೆಚ್ಚಿಸಬಹುದು. ರಕ್ತ ಹೋಗುತ್ತಿರುವ ಅದೇ ಲೈನಿನಲ್ಲೂ ಆರ್‌ಎಲ್ ಬೇಡ, ಅದರ ಕ್ಯಾಲ್ಸಿಯಂ ಸೇರಿ ಚೀಲದ ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟಬಹುದು. ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಎಂಬ ಡ್ರಿಪ್ ದ್ರವ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. 2012ರ ದೊಡ್ಡ ಪ್ರಯೋಗಗಳು ಅದರಿಂದ ಕಿಡ್ನಿಗೆ ಹಾನಿಯೆಂದು ತೋರಿಸಿದ ಮೇಲೆ ಅದನ್ನು ಕೈಬಿಡುವುದೇ ಒಳ್ಳೆಯದು.

ಕತ್ತಿಗೆ ದೊಡ್ಡ ಲೈನ್ ಹಾಕೋದು ವಾಸಿಯಲ್ವಾ?

ಮೊದಲ ನಿಮಿಷಗಳಲ್ಲಿ ಅಲ್ಲ. ನಳಿಕೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಏರುತ್ತದೆ, ಉದ್ದ ಹೆಚ್ಚಿದಷ್ಟೂ ಇಳಿಯುತ್ತದೆ. ಆದ್ದರಿಂದ ಮೊಣಕೈ ಮಡಿಕೆಯಲ್ಲಿ ಹಾಕಿದ ಗಿಡ್ಡ ಬೂದುಬಣ್ಣದ 16 ಗೇಜ್ ವೆನ್‌ಫ್ಲಾನ್ (ಡ್ರಿಪ್‌ಗೆಂದು ನಾಳಕ್ಕೆ ಹಾಕುವ ನಳಿಕೆ), ಕತ್ತಿನ ಉದ್ದ ಮೂರು ಕವಲಿನ ಲೈನಿಗಿಂತ ವೇಗ. ಬೂದುಬಣ್ಣದಲ್ಲಿ ನಿಮಿಷಕ್ಕೆ ಸುಮಾರು 180 ಮಿ.ಲೀ., ಹಸಿರಿನಲ್ಲಿ 90, ಗುಲಾಬಿಯಲ್ಲಿ 60, ನೀಲಿಯಲ್ಲಿ 36. ಎರಡು ಕೈಗೆ ಎರಡು, ಬೂದು ಸಿಗದಿದ್ದರೆ ಹಸಿರು. ನಾಳ ಸಿಗದೆ ಎರಡು ಸಲ ಚುಚ್ಚಿ ಸೋತರೆ ಮೊಣಕಾಲ ಕೆಳಗಿನ ಮೂಳೆಗೆ ಸೂಜಿ ಹಾಕುವುದು ಒಂದು ನಿಮಿಷದ ಕೆಲಸ.

ಬಿಪಿ 85 ಇದ್ದರೂ ಡ್ರಿಪ್ ನಿಧಾನ ಮಾಡಿದರು. ಇದು ನಿರ್ಲಕ್ಷ್ಯ ಅಲ್ವಾ?

ಬಹುಮಟ್ಟಿಗೆ ಇದು ಬೇಕೆಂದೇ ಮಾಡಿದ್ದು. ಸೋರುವ ಕೊಡಕ್ಕೆ ನೀರು ಸುರಿದಷ್ಟೂ ಸೋರಿಕೆಯ ಬಿರುಸು ಹೆಚ್ಚುತ್ತದೆ. ಒತ್ತಡ ಏರಿದಾಗ ಎಳೆಯ ಹೆಪ್ಪು ಕಿತ್ತುಬರುತ್ತದೆ, ತೆಳುವಾದ ರಕ್ತಕ್ಕೆ ಮತ್ತೆ ಹೆಪ್ಪುಗಟ್ಟುವ ಶಕ್ತಿ ಇರುವುದಿಲ್ಲ, ತಣ್ಣನೆಯ ದ್ರವ ಮೈಯನ್ನು ಇನ್ನೂ ತಣ್ಣಗೆ ಮಾಡುತ್ತದೆ. ಇದು ಹೊಸ ಜ್ಞಾನವಲ್ಲ. ಮೊದಲ ಮಹಾಯುದ್ಧದ ಗಾಯಾಳುಗಳನ್ನು ಕಂಡ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1918ರಲ್ಲೇ ಇದನ್ನು ಎಚ್ಚರಿಸಿದ್ದರು. 1994ರಲ್ಲಿ ಹ್ಯೂಸ್ಟನ್ ನಗರದಲ್ಲಿ ಎದೆ, ಹೊಟ್ಟೆಗೆ ಗುಂಡು ಅಥವಾ ಚೂರಿಯ ಗಾಯವಾದ 598 ಮಂದಿಯಲ್ಲಿ ನಡೆದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯವರೆಗೆ ದ್ರವ ತಡೆಹಿಡಿದವರಲ್ಲಿ ಶೇ. 70, ಕೂಡಲೇ ಕೊಟ್ಟವರಲ್ಲಿ ಶೇ. 62 ಜನ ಬದುಕಿದರು.

ಆ ಪ್ರಯೋಗದ ರೋಗಿಗಳು ದೊಡ್ಡ ನಗರದವರು, ಬೇಗನೇ ಶಸ್ತ್ರಚಿಕಿತ್ಸೆಗೆ ಹೋದವರು. ಘಟ್ಟದ ಊರಿನಿಂದ ಮೂರು ಗಂಟೆ ಪ್ರಯಾಣಿಸಿ ಬರುವವರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಸಾಮಾನ್ಯವಾಗಿ ರಕ್ತ ನಿಲ್ಲುವವರೆಗೆ ಮೇಲಿನ ಬಿಪಿ 80ರಿಂದ 90 ಸಾಕು. ತಲೆಗೆ ಪೆಟ್ಟಾಗಿದ್ದರೆ ಈ ನಿಯಮ ಪೂರ್ತಿ ರದ್ದು: ಅವರಿಗೆ 110ರ ಆಸುಪಾಸು ಇರಲೇಬೇಕು, ಕಡಿಮೆಯಾದರೆ ಮಿದುಳಿಗೆ ಎರಡನೇ ಪೆಟ್ಟು ಬೀಳುತ್ತದೆ.

## ರಕ್ತ ಮತ್ತು ಅದರ ಜೊತೆಗಾರರು

ಗುಂಪು ನೋಡದೆ ರಕ್ತ ಕೊಡ್ತಾರಾ? ಎಡವಟ್ಟಾದರೆ?

ಪ್ರಾಣ ಹೋಗುವಂತಿದ್ದರೆ ಓ ನೆಗೆಟಿವ್ ಪ್ಯಾಕ್ಡ್ ಸೆಲ್ (ಕೆಂಪುಕಣಗಳ ಚೀಲ) ಕೊಡುತ್ತಾರೆ. ಭಾರತದಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ಶೇ. 5ರಷ್ಟೇ. ಹಾಗಾಗಿ ಗಂಡಸರಿಗೂ ಹೆರುವ ವಯಸ್ಸು ದಾಟಿದ ಹೆಂಗಸರಿಗೂ ಓ ಪಾಸಿಟಿವ್ ಕೊಟ್ಟು, ನೆಗೆಟಿವ್ ಚೀಲವನ್ನು ಉಳಿದ ಹೆಂಗಸರಿಗೆಂದು ಕಾಪಾಡಿಕೊಳ್ಳುವುದೇ ಜಾಣತನ. ಮೊದಲ ಚೀಲ ಏರಿಸುವ ಮುನ್ನ ಗುಂಪಿನ ಪರೀಕ್ಷೆಗೆ ರಕ್ತ ತೆಗೆದಿಡಬೇಕು.

ನಮ್ಮ ಕಡೆ ನೆನಪಿಡಬೇಕಾದ ಅಪವಾದ ಬಾಂಬೆ ಗುಂಪು. 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ್ದು. ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರು. ಮೇಲ್ಮೇಲಿನ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ, ಆದರೆ ಯಾವ ಓ ರಕ್ತವೂ ಹೊಂದುವುದಿಲ್ಲ. ಓ ಗುಂಪಿನ ಚೀಲಗಳೆಲ್ಲ ಕ್ರಾಸ್‌ಮ್ಯಾಚ್‌ನಲ್ಲಿ (ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಸೋತರೆ ಇದನ್ನು ಶಂಕಿಸಬೇಕು.

ಪ್ಯಾಕ್ಡ್ ಸೆಲ್ ಮಾತ್ರ ಸಾಲದಾ? ಪ್ಲಾಸ್ಮಾ, ಪ್ಲೇಟ್‌ಲೆಟ್, ಕ್ಯಾಲ್ಸಿಯಂ ಎಲ್ಲ ಯಾಕೆ ಬರೀತಾರೆ?

ಹೋದದ್ದು ಪೂರ್ಣ ರಕ್ತ. ಕೆಂಪುಕಣ ಮಾತ್ರ ತುಂಬಿದರೆ ಆಮ್ಲಜನಕ ಸಾಗೀತು, ಹೆಪ್ಪುಗಟ್ಟದು. 2015ರ ಪ್ರಾಪರ್ ಪ್ರಯೋಗ 680 ಗಾಯಾಳುಗಳಲ್ಲಿ ಪ್ಲಾಸ್ಮಾ, ಪ್ಲೇಟ್‌ಲೆಟ್, ಕೆಂಪುಕಣಗಳ 1:1:1 ಅನುಪಾತವನ್ನು 1:1:2ಕ್ಕೆ ಹೋಲಿಸಿತು. ಒಟ್ಟು ಸಾವಿನಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಮೊದಲ 24 ಗಂಟೆಯಲ್ಲಿ ರಕ್ತ ಸೋರಿಯೇ ಸತ್ತವರು ಶೇ. 14.6ರಿಂದ 9.2ಕ್ಕೆ ಇಳಿದರು. ಲೆಕ್ಕದಲ್ಲಿ ಒಂದು ಎಡವಟ್ಟು ಆಗುತ್ತಿರುತ್ತದೆ: ಯಂತ್ರದಿಂದ ಒಬ್ಬರೇ ದಾನಿಯಿಂದ ತೆಗೆದ ಒಂದು ಪ್ಲೇಟ್‌ಲೆಟ್ ಚೀಲ, ಸಾಮಾನ್ಯ ಚೀಲಗಳಾದರೆ ಆರಕ್ಕೆ ಸಮ. ಇದನ್ನು ಮರೆತರೆ ಅನುಪಾತ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಹೆಪ್ಪುಗಟ್ಟದಿರಲೆಂದು ಚೀಲದಲ್ಲಿ ಹಾಕಿರುವ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಯಕೃತ್ತು ತಣ್ಣಗಿದ್ದು, ರಕ್ತದ ಹರಿವು ಕಡಿಮೆಯಿದ್ದಾಗ ಆ ಸಿಟ್ರೇಟ್ ಬೇಗ ಕರಗುವುದಿಲ್ಲ. ಅಯಾನಿಕ ಕ್ಯಾಲ್ಸಿಯಂ 1.1ಕ್ಕಿಂತ ಇಳಿದರೆ ಹೃದಯವೂ ಸೋಲುತ್ತದೆ, ಹೆಪ್ಪೂ ಕಟ್ಟುವುದಿಲ್ಲ. 10 ಮಿ.ಲೀ. ಶೇ. 10 ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಕ್ಯಾಲ್ಸಿಯಂ 6.8 ಮಿಲಿಮೋಲ್, ಅಷ್ಟೇ ಕ್ಯಾಲ್ಸಿಯಂ ಗ್ಲುಕೋನೇಟ್‌ನಲ್ಲಿ 2.25. ಒಂದರ ಬದಲು ಇನ್ನೊಂದು ಕೊಟ್ಟು ಒಂದೇ ಆಂಪ್ಯೂಲಿಗೆ ನಿಲ್ಲಿಸುವುದು ಸಾಮಾನ್ಯ ಲೋಪ. ಇನ್ನು ರಕ್ತ ಬಿಸಿಮಾಡಲು ವಾರ್ಮರ್ ಇದೆ. ಬಕೆಟಿನ ಬಿಸಿನೀರಿನಲ್ಲಿ ಚೀಲ ಅದ್ದಿದರೆ ಕಣಗಳು ಒಡೆಯುತ್ತವೆ.

ಟ್ರಾನೆಕ್ಸಾಮಿಕ್ ಆಸಿಡ್ ಯಾವಾಗ, ಎಷ್ಟು?

ಇದು ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಔಷಧ. ಗಾಯವಾದ ಮೂರು ಗಂಟೆಯೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. 1 ಗ್ರಾಂ ಹತ್ತು ನಿಮಿಷದಲ್ಲಿ, ಆಮೇಲೆ 1 ಗ್ರಾಂ ಎಂಟು ಗಂಟೆಯಲ್ಲಿ. 40 ದೇಶಗಳ 20,211 ಗಾಯಾಳುಗಳ ಕ್ರ್ಯಾಶ್-2 ಪ್ರಯೋಗದಲ್ಲಿ (2010) ಸಾವು ಶೇ. 16ರಿಂದ 14.5ಕ್ಕೆ ಇಳಿಯಿತು, ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಮೂರು ಗಂಟೆ ದಾಟಿದ ಮೇಲೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಹೆಚ್ಚಿತು. ಬೇಗ ತಳ್ಳಿದರೆ ಬಿಪಿ ಬೀಳುತ್ತದೆ. ಇದರ ಆಂಪ್ಯೂಲು ಬೆನ್ನಿಗೆ ಕೊಡುವ ಅರಿವಳಿಕೆಯ ಆಂಪ್ಯೂಲಿನಂತೆಯೇ ಕಾಣುವುದುಂಟು. ತಪ್ಪಿ ಬೆನ್ನಿಗೆ ಹೋದರೆ ಪ್ರಾಣಾಂತಿಕ, ಎರಡನ್ನೂ ಒಂದೇ ಟ್ರೇಯಲ್ಲಿ ಇಡಬಾರದು.

ಹೆರಿಗೆ ಆದ ಮೇಲೆ ರಕ್ತ ಹೋದರೆ ಲೆಕ್ಕ ಬೇರೆಯಾ?

ಬೇರೆ. ಬಸುರಿಯ ಮೈಯಲ್ಲಿ ರಕ್ತ ಶೇ. 40ಕ್ಕೂ ಹೆಚ್ಚು ಏರಿರುವುದರಿಂದ ಲಕ್ಷಣಗಳು ಇನ್ನೂ ತಡವಾಗಿ ಕಾಣುತ್ತವೆ. ಕಣ್ಣಳತೆ ಯಾವಾಗಲೂ ಕಡಿಮೆ ಹೇಳುತ್ತದೆ. ಇದಕ್ಕೆ ಪರಿಹಾರವಾಗಿ ಗುರುತು ಹಾಕಿದ ಪ್ಲಾಸ್ಟಿಕ್ ಚೀಲದ ಹೊದಿಕೆಯನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ, ಗರ್ಭಕೋಶವನ್ನು ಸಂಕುಚಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗದಲ್ಲಿ ಬಳಸಿದರು. 1,620 ತಾಯಂದಿರ ಆ ಪ್ರಯೋಗ 2006ರಲ್ಲಿ ಪ್ರಕಟವಾಯಿತು. 600 ಮೈಕ್ರೊಗ್ರಾಂ ಮಾತ್ರೆ ಅತಿ ರಕ್ತಸ್ರಾವವನ್ನು ಶೇ. 12ರಿಂದ 6.4ಕ್ಕೆ ಇಳಿಸಿತ್ತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದ ಇ-ಮೋಟಿವ್ ಪ್ರಯೋಗಕ್ಕೂ ಇಂಥ ಅಳತೆಯ ಹೊದಿಕೆಯೇ ಆಧಾರ. ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, 1 ಗ್ರಾಂ ಟ್ರಾನೆಕ್ಸಾಮಿಕ್, ದ್ರವ, ಗಾಯದ ಹುಡುಕಾಟ ಇವೆಲ್ಲ ಒಂದಾದ ಮೇಲೊಂದಲ್ಲ, ಒಟ್ಟಿಗೇ ಶುರುವಾಗಬೇಕು. ಸ್ರಾವ 30 ನಿಮಿಷದ ಮೇಲೂ ನಿಲ್ಲದಿದ್ದರೆ ಟ್ರಾನೆಕ್ಸಾಮಿಕ್ ಇನ್ನೊಂದು ಗ್ರಾಂ. ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜನ್ ಲೀಟರಿಗೆ 2 ಗ್ರಾಂಗಿಂತ ಕೆಳಗಿಳಿದರೆ, ಅದು ಹೇರಳವಾಗಿರುವ ಕ್ರಯೊಪ್ರೆಸಿಪಿಟೇಟ್ ತರಿಸಬೇಕು.

## ಆಂಟಿಆಕ್ಸಿಡೆಂಟ್

ರಕ್ತ ನಿಂತಿತು, ಬಿಪಿ ಬಂತು. ಮೂರನೇ ದಿನ ಕಿಡ್ನಿ, ಶ್ವಾಸಕೋಶ ಯಾಕೆ ಕೈಕೊಡುತ್ತವೆ?

ಹರಿವು ನಿಂತಾಗ ಆಗುವ ಹಾನಿ ಒಂದು, ಮರಳಿದಾಗ ಆಗುವುದು ಇನ್ನೊಂದು. ಆಮ್ಲಜನಕವಿಲ್ಲದೆ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಒಡೆದು ಹೈಪೊಕ್ಸಾಂಥಿನ್ ಕೂಡಿಕೊಳ್ಳುತ್ತದೆ. ಅದನ್ನು ಕರಗಿಸುವ ಕಿಣ್ವವೂ ಅಷ್ಟರಲ್ಲಿ ಕ್ಸಾಂಥಿನ್ ಆಕ್ಸಿಡೇಸ್ ರೂಪಕ್ಕೆ ತಿರುಗಿರುತ್ತದೆ. ಆಮ್ಲಜನಕ ಮರಳಿದ ಕೂಡಲೇ ಎರಡೂ ಸೇರಿ ಸೂಪರ್‌ಆಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ ಹೊರಹಾಕುತ್ತವೆ. ಮೈಟೋಕಾಂಡ್ರಿಯಾದಲ್ಲಿ ಕೂಡಿಟ್ಟ ಸಕ್ಸಿನೇಟ್ ಒಮ್ಮೆಗೇ ಉರಿದು ಇನ್ನಷ್ಟು ಸೇರಿಸುತ್ತದೆ. ಸೂಪರ್‌ಆಕ್ಸೈಡ್ ಹೈಡ್ರೋಜನ್ ಪೆರಾಕ್ಸೈಡ್ ಆಗಿ, ಬಿಡಿ ಕಬ್ಬಿಣ ಸಿಕ್ಕಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಇದು ಮುಟ್ಟಿದ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲವನ್ನೂ ಕೆಡಿಸುತ್ತದೆ. ನೈಟ್ರಿಕ್ ಆಕ್ಸೈಡ್ ಜೊತೆ ಸೇರಿದರೆ ಪೆರಾಕ್ಸಿನೈಟ್ರೈಟ್. ಕೆರಳಿದ ಬಿಳಿಕಣಗಳು ಗಂಟೆಗಳ ಮೇಲೆ ಬಂದು ಅದೇ ಕೆಲಸ ಮುಂದುವರಿಸುತ್ತವೆ. ಕರುಳಿನ ಒಳಪದರ, ರಕ್ತನಾಳದ ಒಳಲೇಪ ಮೊದಲು ಹರಿಯುತ್ತವೆ. ಆಮೇಲೆ ಶ್ವಾಸಕೋಶ, ಕಿಡ್ನಿ.

ಹಾಗಾದರೆ ಡ್ರಿಪ್‌ಗೆ ವಿಟಮಿನ್ ಸಿ ಸೇರಿಸಿಬಿಡಬಹುದಲ್ಲ?

ಇಂಥ ರ‍್ಯಾಡಿಕಲ್‌ಗಳನ್ನು ತಣಿಸುವ ವಸ್ತುವೇ ಆಂಟಿಆಕ್ಸಿಡೆಂಟ್, ವಿಟಮಿನ್ ಸಿ ಅಂಥದ್ದೊಂದು. ತರ್ಕ ಚೆನ್ನಾಗಿದೆ, ಸಾಕ್ಷ್ಯ ಜೊತೆಗೆ ಬಂದಿಲ್ಲ. ಪರವಾಗಿ ಹೇಳಬಹುದಾದ ದೊಡ್ಡ ಅಧ್ಯಯನ 2002ರದ್ದು. ಬಹುತೇಕ ಗಾಯಾಳುಗಳೇ ಇದ್ದ 595 ಮಂದಿಯಲ್ಲಿ ಎಂಟು ಗಂಟೆಗೊಮ್ಮೆ 1 ಗ್ರಾಂ ವಿಟಮಿನ್ ಸಿ ಮತ್ತು 1,000 ಯೂನಿಟ್ ವಿಟಮಿನ್ ಇ ಕೊಟ್ಟಾಗ ಬಹು ಅಂಗ ವೈಫಲ್ಯ ಅರ್ಧಕ್ಕಿಂತ ಕಡಿಮೆಯಾಯಿತು. ಆಸೆ ಚಿಗುರಿತು. 2022ರ ಲೋವಿಟ್ ಪ್ರಯೋಗ ಅದನ್ನು ಚಿವುಟಿತು: ಸೆಪ್ಸಿಸ್ (ಸೋಂಕಿನಿಂದ ಅಂಗಗಳು ಸೋಲುವ ಸ್ಥಿತಿ) ಇದ್ದವರಿಗೆ ಆರು ಗಂಟೆಗೊಮ್ಮೆ ಕೆ.ಜಿ.ಗೆ 50 ಮಿ.ಗ್ರಾಂ ವಿಟಮಿನ್ ಸಿ ಕೊಟ್ಟಾಗ, ಸಾವು ಅಥವಾ ಮುಂದುವರಿದ ಅಂಗವೈಫಲ್ಯ ಶೇ. 38.5ರ ಬದಲು 44.5 ಆಯಿತು. ಸೆಪ್ಸಿಸ್ ರಕ್ತಸ್ರಾವವಲ್ಲ, ನಿಜ. ಆದರೂ "ಕೊಟ್ಟರೆ ನಷ್ಟವೇನು" ಎಂಬ ವಾದಕ್ಕೆ ಅಲ್ಲಿಗೆ ತೆರೆ ಬಿತ್ತು.

ನಷ್ಟಗಳೂ ಗೊತ್ತಿರುವಂಥವೇ. ದೊಡ್ಡ ಪ್ರಮಾಣದಲ್ಲಿ ಆಕ್ಸಲೇಟ್ ಹರಳು ಕಿಡ್ನಿಯಲ್ಲಿ ಕೂರುತ್ತದೆ. ಕೆಂಪುಕಣವನ್ನು ಕಾಯುವ ಜಿ6ಪಿಡಿ ಕಿಣ್ವದ ಕೊರತೆ ಇದ್ದವರಲ್ಲಿ ಕೆಂಪುಕಣ ಒಡೆಯುತ್ತದೆ. ಬೆರಳು ಚುಚ್ಚುವ ಗ್ಲೂಕೋಮೀಟರ್ ಸಕ್ಕರೆಯನ್ನು ಹೆಚ್ಚಾಗಿ ತೋರಿಸಿ, ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿಯುತ್ತದೆ.

ಡ್ರಿಪ್ ದ್ರವವನ್ನೇ ಆಂಟಿಆಕ್ಸಿಡೆಂಟ್ ಮಾಡೋಕೆ ಆಗಲ್ವಾ?

ಯತ್ನಗಳು ನಡೆದಿವೆ. ಹಳೆಯ ಆರ್‌ಎಲ್‌ನಲ್ಲಿ ಡಿ ಮತ್ತು ಎಲ್ ಎಂಬ ಎರಡೂ ಬಗೆಯ ಲ್ಯಾಕ್ಟೇಟ್ ಇತ್ತು. ಡಿ ಬಗೆ ಬಿಳಿಕಣಗಳನ್ನು ಕೆರಳಿಸುತ್ತದೆಂದು ತಿಳಿದ ಮೇಲೆ ಅದನ್ನು ತೆಗೆಯಬೇಕೆಂದು 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಹೇಳಿತು. ಲ್ಯಾಕ್ಟೇಟ್ ಬದಲು ಈಥೈಲ್ ಪೈರುವೇಟ್ ಹಾಕಿದ ರಿಂಗರ್, ಕಬ್ಬಿಣ ಹಿಡಿಯುವ ಡೆಫೆರಾಕ್ಸಮಿನ್ ಅಂಟಿಸಿದ ಸ್ಟಾರ್ಚ್, ಇವು ಪ್ರಾಣಿಗಳಲ್ಲಿ ಚೆನ್ನಾಗಿ ಕಂಡವು. ಆಸ್ಪತ್ರೆಯ ಕಪಾಟಿಗೆ ಬರಲಿಲ್ಲ. ರಕ್ತದ ಪ್ರೋಟೀನಾದ ಅಲ್ಬುಮಿನ್‌ನಲ್ಲಿ ರ‍್ಯಾಡಿಕಲ್ ಹಿಡಿಯುವ ಗಂಧಕದ ಗುಂಪಿದೆ, ಆದರೂ 2004ರ ಸೇಫ್ ಪ್ರಯೋಗದಲ್ಲಿ ಎನ್‌ಎಸ್‌ಗಿಂತ ಅದು ಮೇಲೆನಿಸಲಿಲ್ಲ, ತಲೆಗೆ ಪೆಟ್ಟಾದವರಲ್ಲಿ ಸಾವು ಹೆಚ್ಚಿತು. ಸದ್ಯಕ್ಕೆ ರಕ್ತನಾಳದ ಒಳಲೇಪವನ್ನು ಕಾಯುವ ಗುಣ ಕಾಣುತ್ತಿರುವುದು ಮಾಮೂಲಿ ಪ್ಲಾಸ್ಮಾದಲ್ಲೇ.

ಸೆಂಥಾಕ್ವಿನ್ ಅಂತ ಹೊಸ ಇಂಜೆಕ್ಷನ್ ಬಂದಿದೆಯಂತೆ, ಅದೂ ಆಂಟಿಆಕ್ಸಿಡೆಂಟಾ?

ಅಲ್ಲ. ಅದು ಅಭಿಧಮನಿಗಳನ್ನು ಬಿಗಿಗೊಳಿಸಿ ಹೃದಯಕ್ಕೆ ಮರಳುವ ರಕ್ತವನ್ನು ಹೆಚ್ಚಿಸುವ ಔಷಧ. ಭಾರತದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಕೆ.ಜಿ.ಗೆ 0.01 ಮಿ.ಗ್ರಾಂ, 100 ಮಿ.ಲೀ. ಎನ್‌ಎಸ್‌ನಲ್ಲಿ ಒಂದು ಗಂಟೆ. ಅನುಮತಿಗೆ ಆಧಾರವಾದ ಪ್ರಯೋಗದಲ್ಲಿದ್ದವರು ನೂರರ ಆಸುಪಾಸು. ಕ್ರ್ಯಾಶ್-2ರ ಗಾತ್ರದ ಪಕ್ಕದಲ್ಲಿಟ್ಟು ತೂಗಬೇಕು. ರಕ್ತಕ್ಕೆ, ಶಸ್ತ್ರಚಿಕಿತ್ಸೆಗೆ ಅದು ಬದಲಿಯಲ್ಲ.

ಆಕ್ಸಿಜನ್ ಜಾಸ್ತಿ ಕೊಟ್ಟರೆ ಫ್ರೀ ರ‍್ಯಾಡಿಕಲ್ ಜಾಸ್ತಿ ಆಗಲ್ವಾ?

ಅಸ್ಥಿರವಾಗಿರುವಾಗ ಕೊಡಲೇಬೇಕು. ಒಂದು ಲೀಟರ್ ಒಳ್ಳೆಯ ರಕ್ತ 200 ಮಿ.ಲೀ. ಆಮ್ಲಜನಕ ಹೊರುತ್ತದೆ, ಹೀಮೋಗ್ಲೋಬಿನ್ ಇಲ್ಲದೆ ಬರೀ ಕರಗಿರುವುದು 3 ಮಿ.ಲೀ. ಶುದ್ಧ ಆಮ್ಲಜನಕದಲ್ಲಿ ಅದು 20ರವರೆಗೆ ಏರುತ್ತದೆ, ಕೆಂಪುಕಣ ಕಡಿಮೆಯಿದ್ದಾಗ ಈ 20 ದೊಡ್ಡದು. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಓದುವುದೇ ಇಲ್ಲ, ಕಿವಿಗೆ ಹಾಕಿ ನೋಡಬೇಕು. ರಕ್ತ ನಿಂತು ಸುಧಾರಿಸಿದ ಮೇಲೆ ಶೇ. 94ರಿಂದ 98 ಸಾಕು, 100ಕ್ಕೆ ಹಿಡಿದಿಡುವುದರಲ್ಲಿ ಲಾಭವಿಲ್ಲ.

ಇಲಿಗಳಲ್ಲಿ ಗೆದ್ದ ಆಂಟಿಆಕ್ಸಿಡೆಂಟ್ ಮನುಷ್ಯರಲ್ಲಿ ಯಾಕೆ ಸೋಲುತ್ತೆ? ಪೇಪರ್ ಓದುವಾಗ ಏನು ನೋಡಬೇಕು?

ಮೊದಲು ಮಾದರಿ ನೋಡಿ. ಬಹಳ ಪ್ರಯೋಗಗಳು ನಳಿಕೆಯಿಂದ ರಕ್ತ ತೆಗೆದು, ಬಿಪಿಯನ್ನು ಒಂದೇ ಮಟ್ಟದಲ್ಲಿ ಹಿಡಿದು, ಆಮೇಲೆ ತೆಗೆದ ರಕ್ತವನ್ನೇ ಮರಳಿಸುತ್ತವೆ. ಅಲ್ಲಿ ನಿಲ್ಲಿಸಬೇಕಾದ ಸೋರಿಕೆಯೂ ಇಲ್ಲ, ಮುರಿದ ಮೂಳೆಯೂ ಇಲ್ಲ, ಅನೇಕ ಸಲ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುತ್ತಾರೆ. ಆಮೇಲೆ ಸಮಯ. ಔಷಧವನ್ನು ರಕ್ತ ತೆಗೆಯುವ ಮೊದಲೇ ಅಥವಾ ಮರಳಿಸುವ ಕ್ಷಣದಲ್ಲೇ ಕೊಟ್ಟಿದ್ದರೆ ಫಲಿತಾಂಶ ಚೆಂದವಾಗಿಯೇ ಇರುತ್ತದೆ. ಸೂಪರ್‌ಆಕ್ಸೈಡ್ ಸಿಡಿಯುವುದು ಹರಿವು ಮರಳಿದ ಮೊದಲ ನಿಮಿಷಗಳಲ್ಲಿ. ಗಾಯಾಳುವಿಗೆ ಔಷಧ ಸಿಗುವ ಹೊತ್ತಿಗೆ ಆ ನಿಮಿಷಗಳು ಆಂಬುಲೆನ್ಸಿನಲ್ಲೇ ಕಳೆದಿರುತ್ತವೆ.

ಮೂರನೆಯದು ಜಾಗ. ಸೂಪರ್‌ಆಕ್ಸೈಡ್ ಹುಟ್ಟುವುದು ಜೀವಕೋಶದೊಳಗೆ, ಬಾಳುವುದು ಕ್ಷಣಮಾತ್ರ. ಅದನ್ನು ಕರಗಿಸುವ ಎಸ್‌ಒಡಿ ಕಿಣ್ವ ದೊಡ್ಡ ಪ್ರೋಟೀನು, ರಕ್ತಕ್ಕೆ ಕೊಟ್ಟರೆ ಒಳಗೆ ಇಳಿಯುವುದು ಕಷ್ಟ. ಬಾಳಿಕೆ ಹೆಚ್ಚಿಸಲು ಪಾಲಿಈಥಿಲೀನ್ ಗ್ಲೈಕಾಲ್ ಅಂಟಿಸಿ ತಲೆಗೆ ಪೆಟ್ಟಾದ 463 ಮಂದಿಗೆ ಕೊಟ್ಟ ಪ್ರಯೋಗ 1996ರಲ್ಲಿ ಪ್ರಯೋಜನ ತೋರಿಸದೆ ಮುಗಿಯಿತು. ಪ್ರಾಣಿ ಯಾವುದೆಂಬುದೂ ಮುಖ್ಯ: ಮನುಷ್ಯರ ಯಕೃತ್ತು, ಕರುಳುಗಳಲ್ಲಿ ಕ್ಸಾಂಥಿನ್ ಆಕ್ಸಿಡೇಸ್ ಧಾರಾಳ, ಹೃದಯದಲ್ಲಿ ತೀರಾ ಕಡಿಮೆ, ಇಲಿಯ ಹೃದಯದಲ್ಲಿ ಹಾಗಲ್ಲ. ಕೊನೆಗೆ ಏನನ್ನು ಅಳೆದಿದ್ದಾರೆ ನೋಡಿ. ಕೊಬ್ಬು ಕೆಟ್ಟದ್ದನ್ನು ತೋರಿಸುವ ಮಾಲೊಂಡೈಆಲ್ಡಿಹೈಡ್ ಇಳಿಯಿತು, ದೇಹದ್ದೇ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ಏರಿತು ಎಂಬುದಕ್ಕೂ, ಏಳನೇ ದಿನ ಎಷ್ಟು ಪ್ರಾಣಿ ಬದುಕಿದ್ದವು ಎಂಬುದಕ್ಕೂ ಬಹಳ ಅಂತರವಿದೆ. ಹೋಲಿಕೆಯ ಗುಂಪಿಗೆ ಕೊಟ್ಟದ್ದೇನು? ಬರೀ ಎನ್‌ಎಸ್ ಸುರಿದ ಗುಂಪಿನ ಎದುರು ಗೆಲ್ಲುವುದು ಸುಲಭ; ರಕ್ತ, ಪ್ಲಾಸ್ಮಾ, ಬೆಚ್ಚನೆಯ ಆರ್‌ಎಲ್, ಟ್ರಾನೆಕ್ಸಾಮಿಕ್ ಎಲ್ಲ ಸಿಕ್ಕಿದ ಗುಂಪಿನ ಎದುರು ಗೆದ್ದ ಆಂಟಿಆಕ್ಸಿಡೆಂಟ್ ಇದ್ದರೆ ಆ ಪೇಪರನ್ನು ಪೂರ್ತಿ ಓದಿ.